ಕರೆಂಟಿನ ಮಾತುಕತೆಯಲ್ಲಿ ಕೇರಿಗೆ ಕುರ್ಚಿ ಯಾಕಿಲ್ಲ?



ಪೋಸ್ಟ್ ಸ್ವಲ್ಪ ಉದ್ದ ಐತೆ. ಪುರುಸೊತ್ತು ಮಾಡ್ಕೊಂಡು ಓದಿ, ಓದಿದ ಮೇಲೆ ನಿಮ್ಮೂರಿನ ಗ್ರೂಪ್‌ಗೂ ಹಾಕಿ.

ನಮ್ಮ ಗೌನಿಪಲ್ಲಿ ಕಡೆ ಟೀ ಅಂಗಡಿಗಳಲ್ಲಿ ಮಾವು, ಟೊಮ್ಯಾಟೊ ರೇಟಿನ ಜೊತೆಗೆ ಈಗ ಇನ್ನೊಂದು ಮಾತು ಸೇರ್ಕೊಂಡಿದೆ. ಸೋಲಾರ್‌ಗೆ ಜಮೀನು ಗುತ್ತಿಗೆ ಕೊಟ್ರೆ ಎಕರೆಗೆ ವರ್ಷಕ್ಕೆ ಎಷ್ಟು ಬರುತ್ತೆ ಅನ್ನೋ ಮಾತು. ಬೋರ್‌ವೆಲ್ ಬತ್ತಿದೆ, ಟೊಮ್ಯಾಟೊ ಬೆಲೆ ಒಂದು ಸಲ ಬಂದ್ರೆ ನಾಲ್ಕು ಸಲ ಬೀದಿಗೆ ಬೀಳುತ್ತೆ, ಮಾವಿಗೂ ಅದೇ ಗತಿ. ಹಾಗಾಗಿ ಜಮೀನಿರೋರು ಈ ಲೆಕ್ಕ ಹಾಕೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಆ ಮಾತೆಲ್ಲ ಕೇಳಿಸ್ಕೊಂಡು ನನಗೆ ಹತ್ತಿದ ಚಿಂತೆ ಒಂದೇ: ಎಲ್ಲರೂ ಎಕರೆಗೆ ಎಷ್ಟು ಅಂತಾರೆ, ಎಕರೆನೇ ಇಲ್ಲದೋನಿಗೆ ಎಷ್ಟು ಅಂತ ಒಬ್ಬರೂ ಕೇಳ್ತಿಲ್ಲ. ಆ ಹೊಲದಲ್ಲಿ ಕಳೆ ಕಿತ್ತು, ಕಾಯಿ ಕಿತ್ತು, ಕ್ರೇಟ್ ಹೊತ್ತು ಸಂಸಾರ ಮಾಡೋ ನಮ್ಮ ಕಾಲನಿಗಳನ್ನ ಯಾರು ಕೇಳ್ತಾರೆ?

ಇದು ಹೊಸ ಪ್ರಶ್ನೆ ಅಲ್ಲ. ಕೋಲಾರ ಜಿಲ್ಲೆಗೆ ಕರೆಂಟು ಬಂದ ದಿನದಿಂದ ಇರೋ ಪ್ರಶ್ನೆ, 120 ವರ್ಷ ದಾಟಿದೆ. ಅದಕ್ಕೇ ಇವತ್ತು ಸ್ವಲ್ಪ ಚರಿತ್ರೆ ಬರೀತಿದೀನಿ.

1902: ನಮ್ಮ ಜಿಲ್ಲೆಗೆ ಬಂದ ಕರೆಂಟು

ನಮ್ಮ ಜಿಲ್ಲೆಯ ಹುಡುಗರಿಗೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದದ್ದು 1905ರಲ್ಲಿ. ಅದಕ್ಕೂ ಮೂರು ವರ್ಷ ಮುಂಚೆ, 1902ರ ಜೂನ್ 30ರಂದು, ಕೋಲಾರ ಚಿನ್ನದ ಗಣಿಗೆ ಕರೆಂಟು ಬಂತು. ಕಾವೇರಿ ನದಿಯ ಶಿವನಸಮುದ್ರದಲ್ಲಿ ನೀರಿನಿಂದ ಕರೆಂಟು ಹುಟ್ಟಿಸಿ, ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ತಂದರು. ಆ ಕಾಲಕ್ಕೆ ಇಡೀ ಪ್ರಪಂಚದಲ್ಲೇ ಅತಿ ಉದ್ದದ ಲೈನ್‌ಗಳಲ್ಲಿ ಅದೂ ಒಂದು. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಕೆಲಸ. ಜೋಲಿ ದ ಲಾಟ್‌ಬಿನಿಯೇರ್ ಅನ್ನೋ ಎಂಜಿನಿಯರ್ ಯೋಜನೆ ಮಾಡಿದ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಯಂತ್ರಗಳು ಬಂದವು.

ಅದುವರೆಗೆ ಗಣಿ ನಡೀತಿದ್ದದ್ದು ಹಬೆ ಯಂತ್ರದ ಮೇಲೆ. ಅದಕ್ಕೆ ಕಲ್ಲಿದ್ದಲು ಬೇಕು, ಸೌದೆ ಬೇಕು, ಖರ್ಚು ಜಾಸ್ತಿ. ಕರೆಂಟು ಬಂದ ಮೇಲೆ ಜಾನ್ ಟೇಲರ್ ಕಂಪನಿಯವರ ಗಣಿಗಳು ಅದೇ ಕರೆಂಟಿನಲ್ಲಿ ಕಲ್ಲು ಕುಟ್ಟಿದವು.

ಈಗ ಆ ಮಾತುಕತೆಗೆ ಯಾರ್ಯಾರು ಕೂತಿದ್ದರು ಅಂತ ಲೆಕ್ಕ ಹಾಕಿ. ಒಂದು ಕುರ್ಚಿ ಮೈಸೂರು ದರ್ಬಾರಿಂದು. ಇನ್ನೊಂದು ಲಂಡನ್ನಿನ ಗಣಿ ಕಂಪನಿಗಳದ್ದು. ಅವರಿಬ್ಬರ ನಡುವೆ ಕರಾರು. ಕಾವೇರಿ ನೀರು ಅಂದಮೇಲೆ ಮದರಾಸು ಸರ್ಕಾರದವರ ಮಾತೂ ಇತ್ತು, ಮೇಲೆ ಬ್ರಿಟಿಷರ ಕಣ್ಣೂ ಇತ್ತು. ಇವರೆಲ್ಲ ಒಬ್ಬರನ್ನೊಬ್ಬರು ಕೇಳಿದರು, ಕಾಗದ ಬರೆದರು, ತಕರಾರು ಮಾಡಿದರು, ಒಪ್ಪಿದರು. ಅಂದ್ರೆ ಸಮಾಲೋಚನೆ ಅನ್ನೋದು ಆಗಲೂ ಇತ್ತು. ಯಾರ ಜೊತೆ ಅನ್ನೋದೇ ವಿಷಯ.

ಆ ಕರೆಂಟು ಯಾರ ಬೆವರಿನ ಮೇಲೆ ಕೆಲಸ ಮಾಡ್ತೋ ಅವರು ಅಲ್ಲಿರಲಿಲ್ಲ. ಕೆಜಿಎಫ್ ಗಣಿಯಲ್ಲಿ ಭೂಮಿಯೊಳಗೆ ಇಳಿದವರಲ್ಲಿ ಬಹುಪಾಲು ನಮ್ಮೋರು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಬರಗಾಲ, ಜೀತ, ಜಾತಿ ಕಾಟ ಎಲ್ಲ ತಪ್ಪಿಸ್ಕೊಂಡು ಬಂದ ದಲಿತ ಕುಟುಂಬಗಳು. ಕೂಲಿ ಲೈನ್‌ಗಳ ತಟ್ಟಿ ಗುಡಿಸಲಿನಲ್ಲಿದ್ದು, ದುಡಿದು, ಸಿಲಿಕೋಸಿಸ್ ಅನ್ನೋ ಶ್ವಾಸಕೋಶದ ರೋಗ ಅಂಟಿಸ್ಕೊಂಡು ಸತ್ತವರು. ತಂತಿ ಹಾದುಹೋದ ಹಳ್ಳಿಗಳ ಕೇರಿಗಳಿಗೂ ಅಷ್ಟೇ. ತಲೆ ಮೇಲೆ ತಂತಿ, ಮನೆಯೊಳಗೆ ಹರಳೆಣ್ಣೆ ದೀಪ.

ಕೇಳದೇ ಇದ್ದಿದ್ದು ಅಷ್ಟೇ ಅಲ್ಲ. ಕೂಲಿಕಾರರ ಬೆರಳಚ್ಚು ತಗೊಂಡು ನೋಂದಣಿ ಮಾಡ್ಬೇಕು ಅಂತ ಗಣಿ ಮಾಲೀಕರು ಮತ್ತು ಸರ್ಕಾರ ಸೇರಿ ಹೊರಟಾಗ, 1930ರಲ್ಲಿ ಗಣಿಯ ಸಾವಿರಾರು ಕೂಲಿಕಾರರು ಕೆಲಸ ನಿಲ್ಲಿಸಿದರು. ನಾವೇನು ಕಳ್ಳರಾ, ನಮ್ಮ ಬೆರಳು ಯಾಕೆ ಒತ್ತಬೇಕು ಅನ್ನೋ ಸಿಟ್ಟು ಆ ಮುಷ್ಕರದ್ದು. ಯೋಜನೆ ಮಾಡುವಾಗ ಕೂಲಿಕಾರನ ಒಪ್ಪಿಗೆ ಬೇಡ, ಅವನ ಮೇಲೆ ಕಣ್ಣಿಡೋಕೆ ಮಾತ್ರ ಅವನ ಬೆರಳು ಬೇಕು. ಕರೆಂಟಿನ ಚರಿತ್ರೆಯಲ್ಲಿ ದಲಿತರ ಹೆಬ್ಬೆಟ್ಟಿಗೆ ಮೊದಲು ಸಿಕ್ಕ ಬೆಲೆ ಇಷ್ಟು.

ದೀಪ ಕೊನೆಗೆ ಬಂದ ಬೀದಿ

ಗಣಿಗೆ ಬೇಸಿಗೆಯಲ್ಲೂ ಕರೆಂಟು ತಪ್ಪಬಾರದು ಅನ್ನೋದು ಕನ್ನಂಬಾಡಿ ಕಟ್ಟೆ ಕಟ್ಟೋಕೆ ಇದ್ದ ಕಾರಣಗಳಲ್ಲಿ ಒಂದು. ಕಟ್ಟೆ ಅಂದ ತಕ್ಷಣ ಎಲ್ಲರೂ ಮಂಡ್ಯದ ಕಬ್ಬು ನೆನಪು ಮಾಡ್ಕೊತಾರೆ, ಕೋಲಾರದ ಚಿನ್ನ ನೆನಪಾಗಲ್ಲ. 1911ರಲ್ಲಿ ಶುರುವಾದ ಆ ಕಟ್ಟೆಯ ನೀರಲ್ಲಿ ಹಳೇ ಕನ್ನಂಬಾಡಿಯೂ ಸೇರಿದಂತೆ ಹಲವು ಊರು ಮುಳುಗಿದವು. ಆಮೇಲೆ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು, ನಾಡಿಗೆಲ್ಲ ಬೆಳಕು ಅಂದ್ರು. ಅಲ್ಲಿ ಮುಳುಗಡೆ ಆದ ಕುಟುಂಬಗಳು 60 ವರ್ಷ ಕಳೆದ್ರೂ ಹಕ್ಕುಪತ್ರ ಹಿಡ್ಕೊಂಡು ಶಿವಮೊಗ್ಗ, ಬೆಂಗಳೂರು ಅಂತ ಅಲೀತಾನೇ ಇದ್ದಾರೆ.

ಇತ್ತ ನಮ್ಮ ಹಳ್ಳಿಗಳಿಗೆ ಕರೆಂಟು ಬಂದಾಗ ಕಂಬ ಮೊದಲು ನಿಂತದ್ದು ಊರೊಳಗೆ. ಕೇರಿಗೆ ಬಂದದ್ದು ಕೊನೆಗೆ. ಬಡವರ ಮನೆಗೆ ಒಂದು ದೀಪ ಅನ್ನೋ ಭಾಗ್ಯಜ್ಯೋತಿ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಲೆಕ್ಕ ಹಾಕಿ: ಚಿನ್ನದ ಗಣಿಗೂ ಕೇರಿಯ ಒಂದು ಬಲ್ಬಿಗೂ ನಡುವೆ ಮುಕ್ಕಾಲು ಶತಮಾನದ ದೂರ.

ಪಂಪ್‌ಸೆಟ್ ವಿಷಯಕ್ಕೆ ಬನ್ನಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಒಳ್ಳೇದೇ. ಆದ್ರೆ ಬೋರ್‌ವೆಲ್ ಇರ್ಬೇಕಾದ್ರೆ ಜಮೀನಿರ್ಬೇಕು. ಕೋಲಾರದಲ್ಲಿ ಸಾವಿರ, ಸಾವಿರದೈನೂರು ಅಡಿ ಕೊರೆಸೋ ತಾಕತ್ತು ಇರ್ಬೇಕು. ಸರ್ಕಾರ ಕರೆಂಟಿಗೆ ಕೊಟ್ಟ ಸಬ್ಸಿಡಿ ಕೂಡ ಪಹಣಿ ನೋಡ್ಕೊಂಡೇ ಹರೀತು. ಗೃಹಜ್ಯೋತಿಯಲ್ಲಿ ಮನೆಗೆ 200 ಯೂನಿಟ್‌ವರೆಗೆ ಉಚಿತ ಬಂದದ್ದು 2023ರಲ್ಲಿ. ಅದು ಬಂದದ್ದು ನಮಗೂ ಖುಷಿನೇ. ಆದ್ರೆ ಮನೆಗೆ ಬರೋ ಕರೆಂಟಿನ ಫಲಾನುಭವಿ ಆಗೋದು ಬೇರೆ, ಕರೆಂಟು ಎಲ್ಲಿ ಹುಟ್ಟಬೇಕು, ಯಾರ ನೆಲದಲ್ಲಿ ಹುಟ್ಟಬೇಕು ಅನ್ನೋ ತೀರ್ಮಾನದಲ್ಲಿ ಕೂರೋದು ಬೇರೆ.

ನಮ್ಮ ಅವ್ವ ಒಂದು ಮಾತು ಹೇಳೋಳು. ನಮ್ಮದು ಗಡಿ ಸೀಮೆ, ಮನೆಯಲ್ಲಿ ತೆಲುಗು. ಊರಲ್ಲಿ ಏನೇ ತೀರ್ಮಾನ ಆಗ್ಲಿ, ರಸ್ತೆ, ಕೆರೆ, ಜಾತ್ರೆ, "ಮಮ್ಮಲ್ನಿ ಎವುರು ಅಡಿಗಿನಾರಪ್ಪಾ?" ಅನ್ನೋಳು. ನಮ್ಮನ್ನ ಯಾರು ಕೇಳಿದ್ರಪ್ಪಾ ಅಂತ. ದೂರಿನ ಥರ ಹೇಳ್ತಿರಲಿಲ್ಲ, ಮಳೆ ಬರಲಿಲ್ಲ ಅಂತ ಹೇಳೋ ಥರ ಹೇಳ್ತಿದ್ದಳು. ಅದೇ ನನಗೆ ಜಾಸ್ತಿ ಸಂಕಟ.

ಬಾಬಾಸಾಹೇಬರು ಇಟ್ಟ ಮೂರನೇ ಕುರ್ಚಿ

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡ್ಬೇಕು. ಕರೆಂಟು ಬೇಡ, ಯೋಜನೆ ಬೇಡ ಅನ್ನೋದು ಅಂಬೇಡ್ಕರ್‌ವಾದಿಗಳ ಮಾತಲ್ಲ.

1942ರಿಂದ 1946ರವರೆಗೆ ಬಾಬಾಸಾಹೇಬರು ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಸದಸ್ಯರು, ಅಂದ್ರೆ ಈಗಿನ ಮಂತ್ರಿ ಇದ್ದಂಗೆ. ನೀರಾವರಿ, ವಿದ್ಯುತ್ ಎರಡೂ ಅವರ ಕೈಯಲ್ಲೇ ಇದ್ದವು. 1943ರ ಅಕ್ಟೋಬರ್‌ನಲ್ಲಿ ವಿದ್ಯುತ್ ನೀತಿ ಸಮಿತಿಯ ಸಭೆಯಲ್ಲಿ ಅವರು ಕೊಟ್ಟ ವಾದದ ಸಾರ ಇಷ್ಟು: ಅಗ್ಗದ, ಸಾಕಷ್ಟು ವಿದ್ಯುತ್ ಇಲ್ಲದೆ ಕೈಗಾರಿಕೆ ಇಲ್ಲ, ಕೈಗಾರಿಕೆ ಇಲ್ಲದೆ ಈ ದೇಶದ ಬಡವರು ಬಡತನದ ಸುಳಿಯಿಂದ ಹೊರಗೆ ಬರಲ್ಲ. ದಾಮೋದರ ಕಣಿವೆ ಯೋಜನೆಗೂ, ಕೇಂದ್ರದ ತಾಂತ್ರಿಕ ವಿದ್ಯುತ್ ಮಂಡಳಿಗೂ ಅವರ ಇಲಾಖೆಯಲ್ಲೇ ಬುನಾದಿ ಬಿತ್ತು. ಎಲ್ಲ ಅಣೆಕಟ್ಟಿನ ಮುಂದೆ ಬೇರೆಯವರ ಫೋಟೋ ಹಾಕ್ತಾರೆ, ಈ ಮಾತು ಪಠ್ಯಪುಸ್ತಕದಲ್ಲಿ ಬರಲ್ಲ.

ಆದ್ರೆ ಅದೇ ಮನುಷ್ಯ 1943ರ ಡಿಸೆಂಬರ್‌ನಲ್ಲಿ ಧನಬಾದ್ ಕಡೆಯ ಕಲ್ಲಿದ್ದಲು ಗಣಿಯೊಳಗೆ ತಾನೇ ಇಳಿದು ನೋಡಿದರು, ಕೂಲಿಕಾರರ ಮನೆಗಳಿಗೆ ಹೋಗಿ ಬಂದರು. ಸರ್ಕಾರ, ಮಾಲೀಕ, ಕೂಲಿಕಾರ ಮೂರೂ ಕಡೆಯವರು ಒಂದೇ ಮೇಜಿಗೆ ಕೂರೋ ತ್ರಿಪಕ್ಷೀಯ ಸಮ್ಮೇಳನದ ಪದ್ಧತಿ ಈ ದೇಶದಲ್ಲಿ ಗಟ್ಟಿಯಾದದ್ದು ಅವರ ಕಾಲದಲ್ಲೇ. ಕರೆಂಟು ಬೇಕು, ಕರೆಂಟಿಗಾಗಿ ದುಡಿಯೋರಿಗೆ ಮೇಜಿನಲ್ಲಿ ಕುರ್ಚಿಯೂ ಬೇಕು. ಇವೆರಡನ್ನೂ ಒಟ್ಟಿಗೆ ಹೇಳಿದವರು ಅವರು. ನಾನು ಮೂರನೇ ಕುರ್ಚಿ ಅನ್ನೋದು ಇದನ್ನೇ.

ಕಾನೂನು ಯಾರನ್ನ 'ಸಂಬಂಧಪಟ್ಟವರು' ಅಂತು?

ಈಗ ಕಾನೂನಿನ ಚರಿತ್ರೆ. ಬೋರ್ ಅನ್ನಿಸ್ಬಹುದು, ಆದ್ರೆ ನಮ್ಮ ಹುಡುಗರು ಇದನ್ನ ಬಾಯಿಪಾಠ ಮಾಡ್ಬೇಕು.

1894ರ ಭೂಸ್ವಾಧೀನ ಕಾಯ್ದೆ. ಸಾರ್ವಜನಿಕ ಉದ್ದೇಶ ಅಂದ್ರೆ ಸಾಕು, ಸರ್ಕಾರ ತಗೊಳ್ಳಬಹುದು. 1923ರಲ್ಲಿ 5ಎ ಅಂತ ಒಂದು ಕಲಂ ಸೇರಿಸಿ ಆಕ್ಷೇಪಣೆ ಹೇಳೋ ಅವಕಾಶ ಕೊಟ್ಟರು. ಯಾರಿಗೆ? ಆ ಜಮೀನಿನಲ್ಲಿ ಹಿತಾಸಕ್ತಿ ಇರೋ ವ್ಯಕ್ತಿಗೆ. ಅಂದ್ರೆ ಪರಿಹಾರದ ಹಣದಲ್ಲಿ ಪಾಲು ಕೇಳೋ ಹಕ್ಕಿರೋನಿಗೆ. ಆ ಹೊಲದಲ್ಲಿ ಮೂರು ತಲೆಮಾರು ಕೂಲಿ ಮಾಡಿದ್ರೂ ಕೂಲಿಯೋನಿಗೆ ಹಿತಾಸಕ್ತಿ ಇಲ್ಲ.

1974ರಲ್ಲಿ ದೇವರಾಜ ಅರಸು ಭೂಸುಧಾರಣೆ ತಂದರು. ಉಳುವವನೇ ಒಡೆಯ. ದೊಡ್ಡ ಕೆಲಸ, ಇಲ್ಲ ಅನ್ನಲ್ಲ. ಆದ್ರೆ ಫಾರಂ 7 ಹಾಕಬೇಕಾದ್ರೆ ಗೇಣಿದಾರ ಅನ್ನಿಸ್ಕೋಬೇಕು. ನಮ್ಮೋರಲ್ಲಿ ಹೆಚ್ಚಿನವರು ಗೇಣಿದಾರರಾಗಿರಲಿಲ್ಲ, ಜೀತದಾಳು, ಕೂಲಿಯಾಳಾಗಿದ್ದರು. ಉತ್ತವರೇ ಆಗಿದ್ರೂ ಕಾಗದದಲ್ಲಿ ಉಳುವವರಾಗಿರಲಿಲ್ಲ.

1997ರಲ್ಲಿ ದೊಡ್ಡ ಯೋಜನೆಗಳ ಪರಿಸರ ಅನುಮತಿಗೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯ ಮಾಡಿದರು. ಅಲ್ಲಿಗೆ ಪಹಣಿ ತೋರಿಸಿ ಬರಬೇಕು ಅಂತಿಲ್ಲ, ಬಾಧಿತ ಜನ ಯಾರು ಬೇಕಾದ್ರೂ ನಿಂತು ಮಾತಾಡಬಹುದು. ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬಗ್ಗೆ 2025ರ ಸೆಪ್ಟೆಂಬರ್‌ನಲ್ಲಿ ಆ ಭಾಗದ ಜನ ಅಹವಾಲು ಸಭೆಯಲ್ಲಿ ನಿಂತು ಬೇಡ ಅಂತ ಹೇಳಿದ್ರಲ್ಲ, ಅದಕ್ಕೆ ಜಾಗ ಮಾಡಿದ್ದು ಈ ನಿಯಮ.

2013ರಲ್ಲಿ ಹಳೇ ಭೂಸ್ವಾಧೀನ ಕಾಯ್ದೆ ಹೋಗಿ ಹೊಸದು ಬಂತು. ಅದರಲ್ಲಿ ಬಾಧಿತ ಕುಟುಂಬ ಅನ್ನೋದರ ಅರ್ಥ ಓದಿ. ಸ್ವಂತ ಜಮೀನು ಇಲ್ಲದಿದ್ರೂ, ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಆ ಪ್ರದೇಶದಲ್ಲಿ ಕೃಷಿ ಕೂಲಿ, ಗೇಣಿ, ಪಾಲು ಬೇಸಾಯ, ಕಸುಬು ಮಾಡ್ಕೊಂಡಿದ್ದು ಅದೇ ಜೀವನಾಧಾರ ಆಗಿದ್ರೆ, ಆ ಕುಟುಂಬವೂ ಬಾಧಿತ ಕುಟುಂಬ. ಅದಕ್ಕೂ ಪುನರ್ವಸತಿ ಹಕ್ಕಿದೆ. ಮೊದಲು ಸಾಮಾಜಿಕ ಪರಿಣಾಮ ಅಧ್ಯಯನ ಆಗ್ಬೇಕು. 119 ವರ್ಷಕ್ಕೆ ಕಾನೂನು ಮೊದಲ ಸಲ ಕೂಲಿಯವಳ ಕಡೆ ತಿರುಗಿ ನೋಡಿ, ನೀನೂ ಈ ನೆಲಕ್ಕೆ ಸಂಬಂಧಪಟ್ಟೋಳೇ ಅಂತು.

ಅದು ಪುಸ್ತಕಕ್ಕೆ ಬಂದ ಎರಡೇ ವರ್ಷಕ್ಕೆ ಇದನ್ನ ದಾಟೋ ದಾರಿ ಪಾವಗಡದಲ್ಲಿ ಕಾಣಿಸ್ತು.

ಪಾವಗಡದ ಪಾಠ

ತುಮಕೂರು ಜಿಲ್ಲೆಯ ಪಾವಗಡವೂ ನಮ್ಮಂಗೇ. ಆಂಧ್ರದ ಗಡಿ, ಮನೆಯಲ್ಲಿ ತೆಲುಗು, ವರ್ಷ ವರ್ಷ ಬರ, ಕಡಲೆಕಾಯಿ ಬಿತ್ತಿ ಆಕಾಶ ನೋಡೋ ಸೀಮೆ. ಅದಕ್ಕೇ ಅಲ್ಲಿ ನಡೆದದ್ದನ್ನ ನಾವು ಗಮನ ಇಟ್ಟು ನೋಡ್ಬೇಕು.

2015ರಲ್ಲಿ ಕರ್ನಾಟಕ ಸೋಲಾರ್ ಪವರ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಅಂತ ಆಯ್ತು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚರ್ಲು, ಕ್ಯಾತಗಾನಚರ್ಲು, ಈ ಐದು ಊರುಗಳಲ್ಲಿ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಶಕ್ತಿಸ್ಥಳ ಅಂತ ಉದ್ಘಾಟನೆ ಮಾಡಿದರು. 2019ರ ಕೊನೆಗೆ 2,050 ಮೆಗಾವ್ಯಾಟ್ ಪೂರ್ತಿಯಾಯ್ತು, ಪ್ರಪಂಚದ ದೊಡ್ಡ ಸೋಲಾರ್ ಪಾರ್ಕ್‌ಗಳಲ್ಲಿ ಒಂದು.

ಇಲ್ಲಿ ಭೂಮಿ ಕಿತ್ಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡರು. 28 ವರ್ಷಕ್ಕೆ ಕರಾರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರಿಕೆ. ಪಹಣಿ ರೈತರ ಹೆಸರಲ್ಲೇ ಇರುತ್ತೆ. ನ್ಯಾಯವಾಗಿ ಹೇಳ್ಬೇಕಂದ್ರೆ ಇದು ಹಳೇ ಭೂಸ್ವಾಧೀನಕ್ಕಿಂತ ಎಷ್ಟೋ ಮೇಲು. 2014ರಲ್ಲಿ ವಿಜಯಪುರದ ಕೂಡಗಿ ಉಷ್ಣ ವಿದ್ಯುತ್ ಸ್ಥಾವರದ ವಿಷಯದಲ್ಲಿ ರೈತರ ಮೇಲೆ ಗುಂಡು ಹಾರಿದ್ದು ನೆನಪಿರೋರಿಗೆ ಪಾವಗಡ ಒಳ್ಳೇ ಮಾದರಿ ಅನ್ನಿಸೋದು ಸಹಜ. ಜಮೀನ್ದಾರರನ್ನ ಕೂರಿಸಿ ಮಾತಾಡಿದರು, ರೇಟು ಚೌಕಾಸಿ ಆಯ್ತು, ಸಹಿ ಆಯ್ತು.

ಈಗ ಈ ಲೆಕ್ಕ ನೋಡಿ. 20 ಎಕರೆ ಇರೋನಿಗೆ ಮೊದಲ ವರ್ಷ 4,20,000. ಎರಡು ಎಕರೆ ಇರೋನಿಗೆ 42,000, ಅಂದ್ರೆ ತಿಂಗಳಿಗೆ 3,500. ಎಕರೆ ಇಲ್ಲದೋನಿಗೆ ಸೊನ್ನೆ. 28 ವರ್ಷಕ್ಕೂ ಸೊನ್ನೆ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿದ್ರೂ ಸೊನ್ನೆ.

ಅಷ್ಟೇ ಆಗಿದ್ರೆ ಮೊದಲಿದ್ದಂಗೇ ಇದ್ದೀವಿ ಅನ್ಬಹುದಿತ್ತು. ಆದ್ರೆ 13,000 ಎಕರೆಗೆ ಬೇಲಿ ಬಿದ್ದ ಮೇಲೆ ಬಿತ್ತನೆ ಇಲ್ಲ, ಕಳೆ ಇಲ್ಲ, ಕಡಲೆಕಾಯಿ ಕೀಳೋ ಕೆಲಸ ಇಲ್ಲ. ಕುರಿ ಮೇಕೆ ಮೇಯೋ ಬೀಳು ಇಲ್ಲ. ಆಚೆ ಊರಿಗೆ ಹೋಗೋ ಕಾಲುದಾರಿ ಸುತ್ತು ಬಿತ್ತು. ಕೂಲಿ ಮಾಡ್ತಿದ್ದ ಹೆಂಗಸರಿಗೆ ಹೊಡೆತ ಎಲ್ಲಕ್ಕಿಂತ ಜಾಸ್ತಿ. ಪಾರ್ಕ್ ಒಳಗೆ ಪ್ಯಾನೆಲ್ ತೊಳೆಯೋದು, ಹುಲ್ಲು ಕೊಯ್ಯೋದು, ಕಾವಲು ಕಾಯೋದು ಅಂತ ಕೆಲಸ ಇದೆ, ಅದು ಗುತ್ತಿಗೆದಾರನ ಕೈಯಲ್ಲಿ, ಹಳೇ ಹೊಲದ ಕೂಲಿಯಷ್ಟು ಜನಕ್ಕೆ ಅದು ಸಿಗಲ್ಲ.

2013ರ ಕಾಯ್ದೆ ಎಲ್ಲಿ ಹೋಯ್ತು ಅಂತೀರಾ? ಅದು ಅನ್ವಯ ಆಗೋದು ಸ್ವಾಧೀನ ಆದ್ರೆ. ಗುತ್ತಿಗೆ ಅಂದ್ರೆ ಸ್ವಾಧೀನ ಇಲ್ಲ. ಸ್ವಾಧೀನ ಇಲ್ಲ ಅಂದ್ರೆ ಬಾಧಿತ ಕುಟುಂಬವೂ ಇಲ್ಲ. ಸಾರ್ವಜನಿಕ ಅಹವಾಲು ಸಭೆ? ಸೋಲಾರ್ ಪ್ಯಾನೆಲ್ ಯೋಜನೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಗೇ ಬರಲ್ಲ ಅಂತ ಕೇಂದ್ರ ಪರಿಸರ ಸಚಿವಾಲಯ ಹೇಳಿದೆ. ಹೊಗೆ ಇಲ್ಲ, ಹಾಗಾಗಿ ಸಭೆಯೂ ಇಲ್ಲ. ಕರೆಂಟು ಸಾಗಿಸೋ ದೊಡ್ಡ ಲೈನ್‌ಗೆ ಬಂದ್ರೆ, 2003ರ ವಿದ್ಯುತ್ ಕಾಯ್ದೆಯ 164ನೇ ಕಲಂ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರವನ್ನೇ ಲೈನ್ ಎಳೆಯೋರಿಗೆ ಕೊಡಬಹುದು ಅನ್ನುತ್ತೆ. ಬ್ರಿಟಿಷರ ಕಾಲದ ಅಧಿಕಾರ, ಇವತ್ತಿನ ಟವರ್.

ಇದರಲ್ಲಿ ಯಾರೂ ಕಾನೂನು ಮುರಿದಿಲ್ಲ, ಅದನ್ನ ಗಮನಿಸಿ. ಎಲ್ಲ ಕಾನೂನಿನ ಪ್ರಕಾರವೇ ಆಗಿದೆ. 1902ರಲ್ಲೂ ಎಲ್ಲ ಕರಾರಿನ ಪ್ರಕಾರವೇ ಆಗಿತ್ತು. ಎರಡು ಕುರ್ಚಿಯವರು ನ್ಯಾಯವಾಗೇ ಮಾತಾಡಿಕೊಂಡ್ರೂ, ಮೂರನೆಯವನ ತಟ್ಟೆ ಖಾಲಿ ಆಗುತ್ತೆ.

ಈಗ ನಮ್ಮ ಸೀಮೆ

2019ರಲ್ಲಿ ಕೇಂದ್ರ ಸರ್ಕಾರ ಪಿಎಂ ಕುಸುಮ್ ತಂತು. ದೊಡ್ಡ ಪಾರ್ಕ್ ಬದಲು ಊರೂರಿನ ಸಬ್‌ಸ್ಟೇಷನ್ ಪಕ್ಕದಲ್ಲಿ ಸಣ್ಣ ಸಣ್ಣ ಸೋಲಾರ್ ಘಟಕ, ಅದರಿಂದ ಪಂಪ್‌ಸೆಟ್‌ಗೆ ಹಗಲು ಕರೆಂಟು. 2025ರ ಜೂನ್‌ನಲ್ಲಿ ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಮುಖ್ಯಮಂತ್ರಿಯವರು ಇದರ ಘಟಕ ಉದ್ಘಾಟಿಸಿದರು. ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಬೇಕು. ಸಬ್‌ಸ್ಟೇಷನ್ ಹತ್ತಿರ ಸರ್ಕಾರಿ ಜಾಗ ಇದ್ರೆ ಅದು, ಇಲ್ಲದಿದ್ರೆ ಖಾಸಗಿ ಜಮೀನು ಗುತ್ತಿಗೆಗೆ.

ಕೋಲಾರ ಜಿಲ್ಲೆಯಲ್ಲಿ 2011ರ ಜನಗಣತಿ ಪ್ರಕಾರ ನೂರಕ್ಕೆ 30 ಜನ ಪರಿಶಿಷ್ಟ ಜಾತಿಯವರು. ರಾಜ್ಯದಲ್ಲಿ ಅದು 17. ಇಷ್ಟು ಜನ ಇರೋ ಜಿಲ್ಲೆಯಲ್ಲಿ 'ಸರ್ಕಾರಿ ಜಾಗ' ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ನೋಡ್ಬೇಕು.

ಗೋಮಾಳ. ಕಾಗದದಲ್ಲಿ ಖಾಲಿ. ನೆಲದಲ್ಲಿ ನಮ್ಮೋರು 20, 30 ವರ್ಷದಿಂದ ಸಾಗುವಳಿ ಮಾಡ್ತಾ, ಫಾರಂ 50, 53, 57 ಅಂತ ಬಗರ್‌ಹುಕುಂ ಅರ್ಜಿ ಹಾಕಿ ಕಾಯ್ತಿರೋ ಜಾಗ. ಅರ್ಜಿ ತೀರ್ಮಾನ ಆಗೋ ಮುಂಚೆನೇ ಆ ಸರ್ವೆ ನಂಬರ್ ಸೋಲಾರ್‌ಗೆ ಹೋದ್ರೆ ಅರ್ಜಿ ಹಾಕಿದೋನ ಗತಿ ಏನು? 2023ರಲ್ಲಿ ನಮ್ಮ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅರಣ್ಯ ಒತ್ತುವರಿ ತೆರವು ನಡೆದಾಗ, ಕಾಗದಕ್ಕೂ ನೆಲಕ್ಕೂ ಎಷ್ಟು ದೂರ ಅನ್ನೋದನ್ನ ಎಲ್ರೂ ಕಣ್ಣಾರೆ ನೋಡಿದೀವಿ.

ತೋಟಿ, ತಳವಾರಿಕೆ ಇನಾಂ ಜಮೀನು. ಊರಿನ ಚಾಕರಿ ಮಾಡಿದ್ದಕ್ಕೆ ನಮ್ಮ ಹಿರಿಯರಿಗೆ ಬಿಟ್ಟದ್ದು. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆಯಲ್ಲಿ ಮರುಮಂಜೂರಾತಿ ಆಗ್ಬೇಕಿತ್ತು. ಎಷ್ಟೋ ಕಡೆ ಕಾಗದ ಅರ್ಧಕ್ಕೇ ನಿಂತಿದೆ, ಅನುಭವ ಇನ್ಯಾರದ್ದೋ.

ಮಂಜೂರಾದ ಜಮೀನು, ನಾವು ಡಿಸಿ ಲ್ಯಾಂಡ್ ಅಂತೀವಿ. ಇದಕ್ಕೆ 1978ರ ಪಿಟಿಸಿಎಲ್ ಕಾಯ್ದೆ ಕಾವಲು. ಇಲ್ಲಿ ದಯವಿಟ್ಟು ಎಲ್ರೂ ಒಂದು ಮಾತು ತಲೆಯಲ್ಲಿಟ್ಕೊಳ್ಳಿ: ಆ ಕಾಯ್ದೆಯಲ್ಲಿ ಪರಭಾರೆ ಅಂದ್ರೆ ಮಾರಾಟ ಮಾತ್ರ ಅಲ್ಲ, ದಾನ, ಅಡಮಾನ, ಗುತ್ತಿಗೆ, ಗುತ್ತಿಗೆಯ ಅಗ್ರಿಮೆಂಟ್ ಎಲ್ಲಾ ಸೇರುತ್ತೆ. ಸರ್ಕಾರದ ಮುಂಚಿನ ಅನುಮತಿ ಇಲ್ಲದೆ ಡಿಸಿ ಲ್ಯಾಂಡ್ ಗುತ್ತಿಗೆಗೆ ಕೊಡೋ ಹಾಗಿಲ್ಲ. ಯಾರಾದ್ರೂ ಏಜೆಂಟ್ ಬಂದು ಇದು ಬರೀ ಲೀಸು, ಪಿಟಿಸಿಎಲ್ ಬರಲ್ಲ ಅಂದ್ರೆ ನಂಬಬೇಡಿ. 2023ರ ತಿದ್ದುಪಡಿಯಲ್ಲಿ ಕಾಲಮಿತಿಯ ಅಡ್ಡಿಯನ್ನೂ ತೆಗೆದಿದ್ದಾರೆ. ಅದಕ್ಕಾಗಿ ನಮ್ಮೋರು ಬೆಂಗಳೂರಲ್ಲಿ ಎಷ್ಟು ದಿನ ಬಿಸಿಲಲ್ಲಿ ಕೂತಿದ್ದರು ಅಂತ ಈ ಗ್ರೂಪ್‌ನಲ್ಲಿರೋ ಎಲ್ರಿಗೂ ಗೊತ್ತು.

ಕೆಲವು ಗೆಳೆಯರು ಕೇಳ್ತಾರೆ: ಕಲ್ಲಿದ್ದಲಿಗಿಂತ ಸೋಲಾರ್ ಒಳ್ಳೇದಲ್ವಾ, ಇದಕ್ಕೂ ನೀವು ಅಡ್ಡಗಾಲಾ ಅಂತ. ಸೋಲಾರ್ ಒಳ್ಳೇದೇ. ಬಿಸಿಲು ಹೆಚ್ಚಾದ್ರೆ ಮೊದಲು ಸಾಯೋದು ಬಯಲಲ್ಲಿ ದುಡಿಯೋ ನಮ್ಮೋರೇ, ಹಾಗಾಗಿ ಹೊಗೆ ಕಮ್ಮಿ ಆಗೋದು ನಮಗೇ ಮೊದಲು ಬೇಕು. ಆದ್ರೆ ಒಳ್ಳೇ ಕೆಲಸ ಅನ್ನೋ ಕಾರಣಕ್ಕೆ ಕೇಳೋದನ್ನೇ ಬಿಟ್ಬಿಟ್ರೆ ಹೆಂಗೆ? ಇನ್ನು ಕೆಲವು ರೈತ ಗೆಳೆಯರಿಗೆ, ನಮ್ಮ ಜಮೀನಿನ ಬಾಡಿಗೆಯಲ್ಲಿ ನೀವು ಪಾಲು ಕೇಳ್ತೀರಾ ಅನ್ನೋ ಅನುಮಾನ. ಇಲ್ಲಣ್ಣ. ನಿಮ್ಮ ಬಾಡಿಗೆ ನಿಮಗೇ ಇರಲಿ, ಇನ್ನೂ ಜಾಸ್ತಿ ಬರಲಿ. ನಾವು ಕೇಳೋದು ಯೋಜನೆ ಮಾಡೋರನ್ನ, ಸರ್ಕಾರನ್ನ.

ಹಾಗಾದ್ರೆ ಏನು ಕೇಳ್ಬೇಕು?

ನಮ್ಮ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ವಾರ್ಡ್ ಸಭೆ, ಗ್ರಾಮಸಭೆ ಇದೆ. ವಾರ್ಡ್ ಸಭೆಗೆ ಬಂದವರಲ್ಲಿ ಶೇ. 30 ಹೆಂಗಸರಿರಬೇಕು, ಪರಿಶಿಷ್ಟರು ಜನಸಂಖ್ಯೆಗೆ ತಕ್ಕಂತೆ ಇರಬೇಕು ಅಂತ ಅದೇ ಕಾಯ್ದೆ ಹೇಳುತ್ತೆ. ಅಂದ್ರೆ ಮೂರನೇ ಕುರ್ಚಿ ಕಾಗದದಲ್ಲಿ ಈಗಾಗಲೇ ಇದೆ, ಅದರ ಮೇಲೆ ಹೋಗಿ ಕೂರೋ ಕೆಲಸ ನಮ್ಮದು. ಸೋಲಾರ್ ಮಾತು ನಿಮ್ಮೂರಿಗೆ ಬಂದ ದಿನವೇ ಇಷ್ಟನ್ನ ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ:

1. ಯೋಜನೆಯ ಸರ್ವೆ ನಂಬರ್ ಪಟ್ಟಿ ಪಂಚಾಯಿತಿ ಬೋರ್ಡಿಗೆ ಅಂಟಿಸಬೇಕು, ಕಾಲನಿಯಲ್ಲಿ ಓದಿ ಹೇಳಬೇಕು.

2. ಆ ಸರ್ವೆ ನಂಬರ್‌ಗಳಲ್ಲಿ ಬಗರ್‌ಹುಕುಂ ಅರ್ಜಿ, ಇನಾಂ ಮರುಮಂಜೂರಾತಿ, ಪಿಟಿಸಿಎಲ್ ಕೇಸು ಯಾವುದಿದ್ರೂ ಮೊದಲು ಅದು ಇತ್ಯರ್ಥ ಆಗಬೇಕು.

3. ಕಳೆದ ಮೂರು ವರ್ಷ ಆ ಹೊಲಗಳಲ್ಲಿ ಕೂಲಿ ಮಾಡಿದವರ, ಕುರಿ ಮೇಕೆ ಮೇಯಿಸಿದವರ ಪಟ್ಟಿ ಗ್ರಾಮಸಭೆಯಲ್ಲೇ ಆಗಬೇಕು. 2013ರ ಕಾಯ್ದೆ ಬಾಧಿತರು ಅಂತ ಕರೆದ ಅದೇ ಜನ, ಗುತ್ತಿಗೆ ಆದ್ರೂ ಬಾಧಿತರೇ.

4. ಆ ಪಟ್ಟಿಯಲ್ಲಿರೋ ಮನೆಗಳಿಗೆ ಘಟಕದ ಕೆಲಸದಲ್ಲಿ ಮೊದಲ ಹಕ್ಕು. ಹೆಂಗಸರಿಗೆ ಸಮಾನ ಕೂಲಿ.

5. ಗುತ್ತಿಗೆ ಇರೋ ಅಷ್ಟು ವರ್ಷವೂ ಭೂಮಿ ಇಲ್ಲದ ಕುಟುಂಬಗಳಿಗೆ ವರ್ಷಾಸನ. ಜಮೀನಿಗೆ ಬಾಡಿಗೆ ಇದ್ದಂಗೆ, ಹೋದ ಕೂಲಿಗೂ ಒಂದು ಲೆಕ್ಕ ಇರಲಿ.

6. ದಾರಿ, ಸ್ಮಶಾನ, ಮೇವಿನ ಜಾಗಕ್ಕೆ ಬೇಲಿ ಬೀಳಬಾರದು. ನಮ್ಮ ಸ್ಮಶಾನಕ್ಕೆ ಎಷ್ಟೋ ಊರಲ್ಲಿ ಈಗಲೂ ಪಹಣಿ ಇಲ್ಲ, ಅದನ್ನ ಈಗಲೇ ಅಳತೆ ಮಾಡಿಸಿ.

ಪಾವಗಡದ ಗುತ್ತಿಗೆ 28 ವರ್ಷ. ಅಷ್ಟು ಹೊತ್ತಿಗೆ ಇವತ್ತು ಅಂಗನವಾಡಿಗೆ ಹೋಗೋ ಮಗುವಿಗೆ 30 ದಾಟಿರುತ್ತೆ. ಸಹಿ ಬಿದ್ದ ಮೇಲೆ ಕೇಳಿದ್ರೆ ಆ ಮಗುವಿನ ಕಾಲವೂ ಹೋಗುತ್ತೆ. ಕೇಳೋದಾದ್ರೆ ಮುಂಚೆನೇ ಕೇಳ್ಬೇಕು.

ಮುಂದಿನ ಗ್ರಾಮಸಭೆಯ ದಿನಾಂಕ ನಿಮ್ಮ ಪಂಚಾಯಿತಿಯಲ್ಲಿ ವಿಚಾರಿಸಿ ಕಾಮೆಂಟ್‌ನಲ್ಲಿ ಹಾಕಿ. ಅರ್ಜಿ ಬರೆಯೋಕೆ ಯಾರಿಗೆ ಸಹಾಯ ಬೇಕೋ ಹೇಳಿ, ಕೂತು ಬರೆಯೋಣ. ಅರ್ಜಿ ಕೊಡೋಕೆ ಹೋಗುವಾಗ ಹುಡುಗರು ಮಾತ್ರ ಹೋಗಬೇಡಿ, ಕೂಲಿಗೆ ಹೋಗೋ ಅಮ್ಮಂದಿರನ್ನ ಮುಂದೆ ಕರ್ಕೊಂಡು ಹೋಗಿ. ಆ ಹೊಲಗಳ ಲೆಕ್ಕ ಅವರಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿಲ್ಲ.

ಜೈ ಭೀಮ್.